ಫಲಕದ ಏಳು ಸಾಲು: ತಿಪಟೂರು ಸೀಮೆಯ ಒಂದು ಪ್ರಕರಣ

ಇದು ನಮ್ಮ ಕಡೆ ನಡೆದ ಸಂಗತಿ. ಊರಿನ ಹೆಸರು, ಮನೆತನದ ಹೆಸರು ಬಿಟ್ಟಿದ್ದೇನೆ. ಒಂದೆರಡು ಗುರುತುಗಳನ್ನು ಬೇಕಂತಲೇ ಬದಲಿಸಿದ್ದೇನೆ. ಸೈನಿಕರ ನೆನಪಿಗೆ ಕಲ್ಲು ನಿಲ್ಲಿಸಲು ಹೊರಟ ಊರಿನವರಿಗೆ, ಶಾಲೆಯ ಸಂಚಿಕೆಗೆ ಬರೆಯುವ ನನ್ನಂಥ ಮೇಷ್ಟ್ರುಗಳಿಗೆ ಉಪಯೋಗವಾದೀತು.

ಹಿನ್ನೆಲೆ

ತಿಪಟೂರಿನಿಂದ ಅರ್ಧ ಗಂಟೆ ಬಸ್ ದಾರಿ. ಸುತ್ತ ತೆಂಗಿನ ತೋಟ, ಒಂದು ಕೆರೆ, ಒಂದು ಹೈಸ್ಕೂಲು. ನಾನು ಆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಸಮುದ್ರ ಅನ್ನುವುದು ಇಲ್ಲಿಯವರಿಗೆ ಧರ್ಮಸ್ಥಳ ಮುಗಿಸಿಕೊಂಡು ಮಂಗಳೂರಿಗೆ ಇಳಿದಾಗ ಕಾಣುವ ವಸ್ತು. ಅಂಥ ಊರಿನ ಹುಡುಗನೊಬ್ಬ 1960ರ ದಶಕದಲ್ಲಿ ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ನೌಕಾಪಡೆ ಸೇರಿದ. ಅದೂ ಹಡಗು ನಡೆಸುವ ಕೆಲಸಕ್ಕಲ್ಲ, ಹಡಗಿನ ಮೇಲಿಂದ ಹಾರುವ ವಿಮಾನಕ್ಕೆ. ಈಗ ಗುಬ್ಬಿ ತಾಲ್ಲೂಕಿನಲ್ಲೇ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಆ ಕಾಲಕ್ಕೆ ಈ ಸೀಮೆಯಲ್ಲಿ ವಿಮಾನ ಅಂದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಕತ್ತೆತ್ತಿ ನೋಡುವ ಚುಕ್ಕಿ, ಅಷ್ಟೇ.

ಊರಲ್ಲಿ ಅವರನ್ನು ಎಲ್ಲರೂ 'ನೇವಿಯೋರು' ಅನ್ನುತ್ತಿದ್ದರು. ಇಲ್ಲೂ ಹಾಗೇ ಕರೆಯುತ್ತೇನೆ. 1971ರ ಯುದ್ಧದಲ್ಲಿ ಇದ್ದರು, ಪದಕ ಪಡೆದಿದ್ದರು. 1980ರ ದಶಕದ ಕೊನೆಯಲ್ಲಿ ಕಮಾಂಡರ್ ಆಗಿ ನಿವೃತ್ತರಾಗಿ ಊರಿಗೆ ಬಂದು ತೋಟ ನೋಡಿಕೊಂಡರು. ಮಾತು ಕಮ್ಮಿ. ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಏರಿ ಮೇಲೆ ನಡೆಯೋರು. 2009ರಲ್ಲಿ ತೀರಿಕೊಂಡರು.

2021ಕ್ಕೆ ಆ ಯುದ್ಧಕ್ಕೆ ಐವತ್ತು ವರ್ಷ. ಹಳೆ ವಿದ್ಯಾರ್ಥಿಗಳ ಸಂಘದವರು ಶಾಲೆಯ ಗೇಟಿನ ಪಕ್ಕ ಅವರ ಹೆಸರಲ್ಲಿ ಕರಿಕಲ್ಲಿನ ಫಲಕ ನಿಲ್ಲಿಸಲು ತೀರ್ಮಾನ ಮಾಡಿದರು. ದುಡ್ಡು ಕೂಡಿತು. ಕಲ್ಲು ಬಂತು. ಕಲ್ಲು ಕೆತ್ತುವವರಿಗೆ ಬರಹವನ್ನೂ ಕೊಟ್ಟಾಗಿತ್ತು. ಆಮೇಲೆ ಯಾರಿಗೋ ನೆನಪಾಗಿ ನನ್ನ ಹತ್ತಿರ ಬಂದರು. "ಮೇಷ್ಟ್ರೇ, ಒತ್ತಕ್ಷರ ಎಲ್ಲಾ ಸರಿ ಇದೆಯಾ ಒಂದು ಸಲ ನೋಡಿಬಿಡಿ."

ತೊಡಕು

ಒತ್ತಕ್ಷರ ಸರಿ ಇದ್ದವು. ಬರಹ ಹೀಗಿತ್ತು: "ವೀರ ಚಕ್ರ ಪುರಸ್ಕೃತ ಪೈಲಟ್. ಬಾಂಬ್ ಹಾಕಿ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯನ್ನು ಮುಳುಗಿಸಿದ, ಕರಾಚಿ ಬಂದರನ್ನು ಸುಟ್ಟ ವೀರ."

ಸಮಾಜ ಪಾಠ ಮಾಡಿದವನಿಗೆ ಕೊನೆಯ ಎರಡು ಮಾತು ಅಲ್ಲೇ ಚುಚ್ಚಿದವು. ಘಾಜಿ ಮುಳುಗಿದ್ದು 1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ, ವಿಶಾಖಪಟ್ಟಣದ ಬಳಿ. ಅದು ನಮ್ಮ ವಿಮಾನವಾಹಕ ಹಡಗು ವಿಕ್ರಾಂತನ್ನು ಬೇಟೆಯಾಡಲು ಬಂದಿತ್ತು. ವಿಕ್ರಾಂತ್ ಅಷ್ಟರಲ್ಲಿ ದೂರ ಅಂಡಮಾನ್ ಕಡೆ ಸೇರಿಕೊಂಡಿತ್ತು. ವಿಶಾಖಪಟ್ಟಣದಲ್ಲಿ ಹಳೆಯ ರಜಪೂತ್ ಹಡಗು ತಾನೇ ವಿಕ್ರಾಂತ್ ಅನ್ನುವ ಹಾಗೆ ವೈರ್‌ಲೆಸ್ ಸದ್ದು ಮಾಡುತ್ತಾ ನಾಟಕ ಆಡಿತು. ಘಾಜಿಯನ್ನು ಮುಳುಗಿಸಿದ್ದು ರಜಪೂತ್ ಎಸೆದ ಸಿಡಿಗುಂಡು ಅಂತ ನಮ್ಮ ನೌಕಾಪಡೆ ಹೇಳುತ್ತದೆ. ಒಳಗೇ ಸ್ಫೋಟ ಆಯಿತು ಅಂತ ಪಾಕಿಸ್ತಾನ ಹೇಳುತ್ತದೆ. ವಿಮಾನದ ಬಾಂಬ್ ಅಂತ ಎರಡೂ ಕಡೆಯವರು ಹೇಳಿಲ್ಲ.

ಕರಾಚಿ ಕಥೆಯೂ ಅಷ್ಟೇ. ಡಿಸೆಂಬರ್ 4ರ ರಾತ್ರಿ ಅಲ್ಲಿಗೆ ನುಗ್ಗಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಸಣ್ಣ ಕ್ಷಿಪಣಿ ದೋಣಿಗಳು. ನಾವು ಡಿಸೆಂಬರ್ 4ನ್ನು ನೌಕಾಪಡೆ ದಿನ ಅಂತ ಆಚರಿಸುವುದು ಅದಕ್ಕೇ. ನೇವಿಯೋರು ಇದ್ದ ವಿಕ್ರಾಂತ್ ಆಗ ಇದ್ದದ್ದು ದೇಶದ ಇನ್ನೊಂದು ಮಗ್ಗುಲಲ್ಲಿ, ಬಂಗಾಳ ಕೊಲ್ಲಿಯಲ್ಲಿ.

ಮೊದಲು ಮಾಡಿದ್ದು, ಕೆಟ್ಟದ್ದು

ನಾನು ಇದನ್ನೆಲ್ಲ ಸೀದಾ ಸಂಘದ ಸಭೆಯಲ್ಲಿ ಹೇಳಿಬಿಟ್ಟೆ. ಮೇಷ್ಟ್ರ ಚಾಳಿ. ಐದನೇ ನಿಮಿಷಕ್ಕೆ ಸಭೆ ಕೆಟ್ಟಿತು.

ಒಬ್ಬ ಮೊಬೈಲ್ ತೆಗೆದು, "ಘಾಜಿ ವಿಷಯ ದೊಡ್ಡದಾಗಿಯೇ ಇದೆ ನೋಡಿ" ಅಂದ. ಇನ್ನೊಬ್ಬ, "ನಮ್ಮೂರ ಹೆಸರು ಮೇಲೆ ಬಂದ್ರೆ ನಿಮಗೇನು ಕಷ್ಟ?" ಅಂದ. ಮೂರನೆಯವನ ಮಾತನ್ನು ಆಗ ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. "ನಾವಿದನ್ನ ಶಾಲೇಲೇ ಕೇಳಿದ್ದು ಮೇಷ್ಟ್ರೇ."

ಎರಡನೇ ಸಲ ಪುರಾವೆ ಹಿಡಿದು ಹೋದೆ. ವೀರ ಚಕ್ರ ಪಡೆದವರ ಹೆಸರು ಭಾರತ ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾಗಿರುತ್ತದೆ. ಆ ಪಟ್ಟಿಯಲ್ಲಿ ನೇವಿಯೋರ ಹೆಸರಿಲ್ಲ. ಇದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಆಯಿತು. ಎರಡು ದಿನದಲ್ಲಿ ಊರ ತುಂಬ ಬೇರೆ ಮಾತು ಹಬ್ಬಿತು: ನೇವಿಯೋರಿಗೆ ಪದಕವೇ ಬಂದಿರಲಿಲ್ಲವಂತೆ, ಸುಮ್ನೆ ಹೇಳಿಕೊಂಡು ಓಡಾಡಿದರಂತೆ. ಬಾಯಿಬಿಟ್ಟು ಏನೂ ಹೇಳಿಕೊಳ್ಳದ ಮನುಷ್ಯನ ಮೇಲೆ ಸುಳ್ಳಿನ ಅಪವಾದ ಬಂತು. ಅದಕ್ಕೆ ಕಾರಣ ನಾನು. ಇಲ್ಲ ಅನ್ನುವುದನ್ನು ಮಾತ್ರ ತಗೊಂಡು ಹೋಗಿದ್ದೆ. ಏನಿತ್ತು ಅನ್ನುವುದು ನನಗೂ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿದ್ದ ಅವರ ಮಗಳು ಫೋನ್ ಮಾಡಿದರು. ನನ್ನ ಹಳೆಯ ವಿದ್ಯಾರ್ಥಿನಿಯೇ. ಬೈಯಲಿಲ್ಲ. "ಮೇಷ್ಟ್ರೇ, ಅಪ್ಪನ ಟ್ರಂಕು ಅಟ್ಟದ ಮೇಲಿದೆ. ಭಾನುವಾರ ಬರ್ತೀನಿ, ನೀವೂ ಬನ್ನಿ." ಮೊದಲ ದಿನವೇ ಅವರಿಗೆ ಫೋನ್ ಮಾಡಬೇಕಿದ್ದವನು ನಾನು.

ಅಟ್ಟದ ಮೇಲೆ

ತುಮಕೂರಿನಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬರ ಪರಿಚಯ ಸಿಕ್ಕಿತ್ತು. ವಿಮಾನವಾಹಕ ಹಡಗಿನ ಡೆಕ್ ಮೇಲೆ ವಿಮಾನ ಕಟ್ಟುವ, ಬಿಡುವ ಕೆಲಸ ಮಾಡಿದವರು. ಅವರನ್ನೂ ಕರೆದುಕೊಂಡು ಹೋದೆ. ಈ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಜಾಣ ಕೆಲಸ ಅದು.

ನಮ್ಮ ಕಡೆ ಅಟ್ಟ ಅಂದರೆ ಕೊಬ್ಬರಿ ಅಟ್ಟ. ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಲ್ಲೇ ಬಿಟ್ಟು ಉಂಡೆ ಕೊಬ್ಬರಿ ಮಾಡುವ ಜಾಗ. ಏಣಿ ಹತ್ತಿದರೆ ಕಾಯಿ ರಾಶಿಯ ಹಿಂದೆ, ಗೋಡೆಗೆ ಒತ್ತಿ, ಕರಿ ಬಣ್ಣದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು ಅರ್ಧ ಮಾಸಿತ್ತು. ತೆಗೆದರೆ ಕೊಬ್ಬರಿ ಎಣ್ಣೆ ಘಾಟು, ಜೊತೆಗೆ ನುಸಿಗುಳಿಗೆ ವಾಸನೆ.

ಮೊದಲು ಪದಕಗಳು. ತುಮಕೂರಿನವರು ಒಂದೊಂದನ್ನೇ ಬೆಳಕಿಗೆ ಹಿಡಿದರು. ವೀರ ಚಕ್ರ ದುಂಡಗೆ ಇರುತ್ತದೆ, ರಿಬ್ಬನ್ ಅರ್ಧ ಕಡು ನೀಲಿ, ಅರ್ಧ ಕೇಸರಿ. ಇಲ್ಲಿದ್ದದ್ದು ಐದು ಮೂಲೆಯ ಬೆಳ್ಳಿ ಪದಕ, ನೀಲಿ ರಿಬ್ಬನ್, ನಡುವೆ ಸಣ್ಣ ಬಿಳಿ ಗೆರೆ. "ಇದು ನೌಸೇನಾ ಪದಕ. ಹೆಸರು ಆದ ಮೇಲೆ ಎನ್.ಎಂ. ಅಂತ ಬರೀತಾರೆ" ಅಂದರು. ಗೋಡೆಯ ಮೇಲಿದ್ದ ಕಪ್ಪು ಬಿಳುಪು ಫೋಟೋದಲ್ಲೂ ಅದೇ ಗೆರೆ ಇತ್ತು. ನಾವೆಲ್ಲ ಎಷ್ಟು ವರ್ಷದಿಂದ ಆ ಫೋಟೋ ನೋಡಿದ್ದೆವು!

ಜೊತೆಗೆ ಆ ಯುದ್ಧಕ್ಕೆ ಕೊಟ್ಟ ಸಂಗ್ರಾಮ್ ಮೆಡಲ್, ಪೂರ್ವಿ ಸ್ಟಾರ್. ಪೂರ್ವಿ ಸ್ಟಾರ್ 1971ರಲ್ಲಿ ಪೂರ್ವದ ರಣರಂಗದಲ್ಲಿ ಇದ್ದವರದ್ದು. ಪಶ್ಚಿಮದವರಿಗೆ ಕೊಟ್ಟದ್ದು ಪಶ್ಚಿಮಿ ಸ್ಟಾರ್. ಅದು ಟ್ರಂಕಿನಲ್ಲಿ ಇರಲಿಲ್ಲ. ಕರಾಚಿ ಮಾತು ಅಲ್ಲಿಗೇ ಮುಗಿಯಿತು. ನಾನು ಹದಿನೈದು ದಿನ ಕೂಗಾಡಿದ್ದನ್ನು ಒಂದು ಸಣ್ಣ ಲೋಹದ ತುಂಡು ಸದ್ದಿಲ್ಲದೆ ಹೇಳಿತ್ತು.

ಆಮೇಲೆ ಲಾಗ್ ಬುಕ್. ಹಾರುವವರು ಪ್ರತಿ ಹಾರಾಟವನ್ನೂ ಅದರಲ್ಲಿ ಬರೆಯಬೇಕು. ದಿನಾಂಕ, ವಿಮಾನ, ಜೊತೆಗಿದ್ದವರು, ಕೆಲಸ, ಎಷ್ಟು ಹೊತ್ತು, ಹಗಲೋ ರಾತ್ರಿಯೋ. ತಿಂಗಳ ಕೊನೆಗೆ ಮೇಲಿನವರ ಸಹಿ. ನಮ್ಮ ಹಾಜರಿ ಪುಸ್ತಕದ ಹಾಗೆಯೇ, ಸುಳ್ಳು ಬರೆದರೆ ಸಿಕ್ಕಿಬೀಳುವ ಪುಸ್ತಕ. ಅದರಲ್ಲಿ ವಿಮಾನದ ಕಾಲಂನಲ್ಲಿ ಪುಟಗಟ್ಟಲೆ ಒಂದೇ ಹೆಸರು: ಅಲಿಝೆ. ಅವರ ಕೆಲಸದ ಕಾಲಂನಲ್ಲಿ: ಅಬ್ಸರ್ವರ್.

ಮಗಳ ಮುಖ ಸಣ್ಣಗಾಯಿತು. "ಅಂದ್ರೆ ಅಪ್ಪ ಪೈಲಟ್ ಅಲ್ವಾ?"

ತುಮಕೂರಿನವರು ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಮುಂದಿನ ಒಂದು ಗಂಟೆ ಅವರು ಮಾತಾಡಿದರು. ಅದನ್ನು ಇಲ್ಲಿ ವಿವರವಾಗಿ ಬರೆಯಲೇಬೇಕು. ಯಾಕೆಂದರೆ ಪ್ರಕರಣ ತಿರುಗಿದ್ದು ಅಲ್ಲೇ.

ವಿಕ್ರಾಂತ್ ಮೇಲೆ ಮುಖ್ಯವಾಗಿ ಎರಡು ಬಗೆಯ ವಿಮಾನ. ಸೀ ಹಾಕ್ ಜೆಟ್, ಒಬ್ಬರೇ ಕೂರುವುದು. ಡಿಸೆಂಬರ್ 4ರ ಬೆಳಿಗ್ಗೆ ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿಗೆ ಹೋದದ್ದು ಎಂಟು ಸೀ ಹಾಕ್‌ಗಳು. ಆ ದಳದ ನಾಯಕ ಲೆಫ್ಟಿನೆಂಟ್ ಕಮಾಂಡರ್ ಎಸ್.ಕೆ. ಗುಪ್ತ ಅವರಿಗೆ ಮಹಾವೀರ ಚಕ್ರ ಬಂತು. ಇನ್ನೊಂದು ಅಲಿಝೆ, ಫ್ರಾನ್ಸಿನದು. ಮುಂದೆ ಫ್ಯಾನು ತಿರುಗುವ, ನಿಧಾನದ ವಿಮಾನ. ಒಳಗೆ ಮೂರು ಜನ. ಹೊಟ್ಟೆಯ ಕೆಳಗಿನಿಂದ ರಾಡಾರ್ ಗುಮ್ಮಟ ಇಳಿಬಿಟ್ಟು ಸಮುದ್ರವನ್ನು ಜಾಲಾಡುತ್ತದೆ. ಜಲಾಂತರ್ಗಾಮಿ ಹುಡುಕುವುದು ಅದರ ಕಸುಬು. ಯುದ್ಧದಲ್ಲಿ ರಾತ್ರಿ ಬಾಂಬ್ ದಾಳಿಗೂ ಅದನ್ನು ಕಳಿಸಿದರು. ಪೈಲಟ್ ವಿಮಾನ ಹಾರಿಸುತ್ತಾನೆ. ಎಲ್ಲಿದ್ದೇವೆ, ಎತ್ತ ಹೋಗಬೇಕು, ಕೆಳಗೆ ಏನಿದೆ, ವಾಪಸ್ ಹಡಗು ಎಲ್ಲಿ ಸಿಗುತ್ತೆ ಅನ್ನುವುದೆಲ್ಲ ಅಬ್ಸರ್ವರ್ ತಲೆನೋವು.

"ಹಡಗು ನಿಂತಲ್ಲೇ ನಿಂತಿರಲ್ಲಮ್ಮ" ಅಂದರು ಅವರು. "ಎರಡು ಮೂರು ಗಂಟೆ ಬಿಟ್ಟು ಬರುವಾಗ ಅದು ಬೇರೆ ಕಡೆ ಇರುತ್ತೆ. ಯುದ್ಧದ ರಾತ್ರಿ, ದೀಪ ಇಲ್ಲ. ಪೈಲಟ್ಟಿಗೆ ದಾರಿ ಹೇಳೋರು ನಿಮ್ಮಪ್ಪ."

ಆಮೇಲೆ ಹಡಗಿನ ಕಥೆ. 1970ರಲ್ಲೇ ವಿಕ್ರಾಂತ್‌ನ ಬಾಯ್ಲರುಗಳಲ್ಲಿ ಬಿರುಕು ಕಂಡಿತ್ತು. ಬೆಸುಗೆ ಹಾಕಿ ಸರಿ ಮಾಡುವಂಥದ್ದಲ್ಲ. ಹೊಸ ಭಾಗ ಬ್ರಿಟನ್ನಿನಿಂದ ಬರಬೇಕು. ಅದು ಬರುವ ಮುಂಚೆಯೇ, ಉಗಿಯ ಒತ್ತಡ ಇಳಿಸಿಕೊಂಡು, ಹಡಗನ್ನು ಸಮುದ್ರಕ್ಕೆ ತಂದರು. 24–25 ನಾಟ್ ವೇಗದಲ್ಲಿ ಓಡಬೇಕಾದ ಹಡಗಿಗೆ 14 ನಾಟ್ ಅಂತ ಮಿತಿ. ನಮ್ಮ ಲೆಕ್ಕದಲ್ಲಿ ಗಂಟೆಗೆ 26 ಕಿಲೋಮೀಟರ್. ತೋಟದಿಂದ ಕಾಯಿ ಚೀಲ ಹೇರಿಕೊಂಡು ಬರುವ ಟಿವಿಎಸ್ ಗಾಡಿಯ ವೇಗ.

ಇದರಿಂದ ಏನು ಕಷ್ಟ? ವಿಮಾನ ಬಿಡುವಾಗ ಹಡಗು ಗಾಳಿಗೆ ಮುಖ ಮಾಡಿ ಜೋರಾಗಿ ಓಡಬೇಕು. ಆ ಎದುರುಗಾಳಿ ರೆಕ್ಕೆಗೆ ಎತ್ತುವ ಬಲ ಕೊಡುತ್ತದೆ. ಹಡಗು ನಿಧಾನವಾದರೆ ಗಾಳಿ ಕಮ್ಮಿ. ವಿಮಾನವನ್ನು ಕವಣೆಯ ಹಾಗೆ ಎಸೆಯುವ ಯಂತ್ರವೂ ಉಗಿಯಿಂದಲೇ ನಡೆಯಬೇಕು. ಅಂದರೆ ಗಾಳಿ ಎಷ್ಟಿದೆ, ಎಷ್ಟು ಭಾರ ಹೇರಬಹುದು ಅಂತ ಪ್ರತಿ ಸಲ ಅಳೆದು ತೂಗಿ ಬಿಡಬೇಕು. ಇಳಿಯುವಾಗ ಬಾಲದ ಕೆಳಗಿನ ಕೊಕ್ಕೆ ಡೆಕ್‌ಗೆ ಅಡ್ಡ ಹಾಕಿದ ಉಕ್ಕಿನ ತಂತಿಗೆ ಸಿಗಬೇಕು. ಬಾವಿಯಲ್ಲಿ ಬಿದ್ದ ಬಿಂದಿಗೆಗೆ ಪಾತಾಳಗರಡಿ ಬಿಡುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಗರಡಿಯ ಜೊತೆ ನಾವೂ ಬೀಳುತ್ತಿರುತ್ತೇವೆ, ಕತ್ತಲಲ್ಲಿ. ಇಡೀ ಹಡಗಿನ ಉದ್ದ ಸುಮಾರು 213 ಮೀಟರ್. ನಮ್ಮೂರ ಕೆರೆ ಏರಿಯ ಅರ್ಧವೂ ಇಲ್ಲ.

ಮಗಳು ಕಿಟಕಿ ಕಡೆ ತಿರುಗಿದರು. ಅಲ್ಲಿಂದ ಏರಿ ಕಾಣುತ್ತೆ.

ನಿಧಾನದ ಹಡಗಿಗೆ ದೊಡ್ಡ ಭಯ ಜಲಾಂತರ್ಗಾಮಿಯದು. ಘಾಜಿ ಮುಳುಗಿದ್ದು ಖಚಿತವಾಗಲು ದಿನಗಳೇ ಬೇಕಾದವು. ಅಲ್ಲಿಯ ತನಕ ಅದು ಬದುಕಿದೆ ಅಂತಲೇ ಕಾಯಬೇಕು. ಲಾಗ್ ಬುಕ್ಕಿನ ಡಿಸೆಂಬರ್ 1971ರ ಪುಟ ತೆಗೆದೆವು. ಒಂದೆರಡು ಕಡೆ ಚಿತ್ತಗಾಂಗ್, ರಾತ್ರಿ. ಉಳಿದದ್ದು ಹೆಚ್ಚೂಕಮ್ಮಿ ಒಂದೇ ಕೆಲಸ: ಜಲಾಂತರ್ಗಾಮಿ ಕಾವಲು. ಎದುರಿಗೆ ಷರಾ ಕಾಲಂನಲ್ಲಿ, ಏನೂ ಸಿಗಲಿಲ್ಲ ಅನ್ನುವುದಕ್ಕೆ, ಇಂಗ್ಲಿಷಿನ ಒಂದೇ ಪದ. ನಿಲ್. ಮತ್ತೆ ಹಾರಾಟ, ಮತ್ತೆ ನಿಲ್. ಕೆಳಗೆ ಕೆಳಗೆ ನಿಲ್, ನಿಲ್, ನಿಲ್. ಅವರು ಹುಡುಕುತ್ತಿದ್ದ ಘಾಜಿ ಆಗಲೇ ಸಮುದ್ರದ ತಳ ಸೇರಿತ್ತು.

ಪದಕದ ಜೊತೆಗಿದ್ದ ಕಾಗದದಲ್ಲೂ ಘಾಜಿ ಇಲ್ಲ, ಕರಾಚಿ ಇಲ್ಲ. ರಾತ್ರಿ ಹಾರಾಟಗಳಲ್ಲಿ ತೋರಿದ ಧೈರ್ಯಕ್ಕೆ ಅಂತಿತ್ತು.

ಯುದ್ಧದ ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. ಇನ್ನಷ್ಟು ವರ್ಷ ಅಲಿಝೆ, ಗೋವಾದ ದಾಬೋಲಿಂನಲ್ಲಿ. 1977ರಲ್ಲಿ ರಷ್ಯಾದ ದೊಡ್ಡ ಐಎಲ್-38 ಗಸ್ತು ವಿಮಾನ ಬಂದ ಮೇಲೆ ಅದರಲ್ಲಿ. ಆಮೇಲೆ ಕೊಚ್ಚಿಯಲ್ಲಿ ಹೊಸಬರಿಗೆ ಪಾಠ. ಮೇಷ್ಟ್ರಾಗಿದ್ದರು ಅನ್ನುವುದೂ ನನಗೆ ಅವತ್ತೇ ಗೊತ್ತಾದದ್ದು.

ಪೆನ್ಸಿಲ್ಲಿನ ಗೆರೆ

ಟ್ರಂಕಿನ ತಳದಲ್ಲಿ ಒಂದು ತೆಳ್ಳಗಿನ ಪುಸ್ತಕ. ನಮ್ಮ ಶಾಲೆಯ 1996ರ ಸ್ಮರಣ ಸಂಚಿಕೆ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. ಯುದ್ಧಕ್ಕೆ ಇಪ್ಪತ್ತೈದು ವರ್ಷ ಅಂತ ನಾನೇ ಅದರಲ್ಲಿ ಅವರ ಬಗ್ಗೆ ಒಂದು ಪುಟ ಬರೆದಿದ್ದೆ. ಬರೆದದ್ದು ನೆನಪಿತ್ತು. ಏನು ಬರೆದೆ ಅನ್ನುವುದು ಮರೆತಿತ್ತು.

ಪುಟ ತೆಗೆದೆ. "ಘಾಜಿಯನ್ನು ಮುಳುಗಿಸಿದ ನಮ್ಮೂರ ವೀರ." ಕೆಳಗೆ ನನ್ನ ಹೆಸರು. 'ಮುಳುಗಿಸಿದ' ಅನ್ನುವ ಪದದ ಅಡಿಯಲ್ಲಿ ಪೆನ್ಸಿಲ್ ಗೆರೆ. ಅಂಚಿನಲ್ಲಿ ಸಣ್ಣ ಅಕ್ಷರ: "ಹುಡುಕಿದೆವು ಅಂದಿದ್ದೆ. ಇರಲಿ."

ಆಗ ಎಲ್ಲಾ ನೆನಪಾಯಿತು. ಆ ವರ್ಷ ಬಸ್ ಸ್ಟಾಂಡಿನಲ್ಲಿ ಅವರನ್ನು ನಿಲ್ಲಿಸಿ ಎರಡು ಮಾತು ಕೇಳಿದ್ದೆ. "ಘಾಜಿ ಅಂತ ಇತ್ತು ಮೇಷ್ಟ್ರೇ, ಅದನ್ನ ನಾವೂ ಹುಡುಕಿದ್ವಿ" ಅಂದಿದ್ದರು. ಅಷ್ಟರಲ್ಲಿ ಬಸ್ ಬಂತು. ಉಳಿದದ್ದನ್ನು ನಾನು ಮನೆಯಲ್ಲಿ ಕೂತು ತುಂಬಿಸಿದೆ. ಅದನ್ನು ಮಕ್ಕಳು ಓದಿದರು, ಭಾಷಣ ಸ್ಪರ್ಧೆಯಲ್ಲಿ ಹೇಳಿದರು, ಬಹುಮಾನ ತಗೊಂಡರು. ವೀರ ಚಕ್ರ, ಕರಾಚಿ ಎಲ್ಲ ಆಮೇಲೆ ಅಂಟಿಕೊಂಡವು. ಆ ಮಕ್ಕಳೇ ಈಗಿನ ಸಂಘ. ಶಾಲೇಲೇ ಕೇಳಿದ್ದು ಅಂದವನು ಸರಿಯಾಗಿಯೇ ಹೇಳಿದ್ದ. ಆ ಸಮಾರಂಭಕ್ಕೆ ನೇವಿಯೋರು ಬಂದಿದ್ದರು. ವೇದಿಕೆ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ತಿದ್ದಿದ್ದರೆ ಮಕ್ಕಳ ಮುಂದೆ ಮೇಷ್ಟ್ರ ಮಾನ ಹೋಗುತ್ತಿತ್ತು.

ಮೂರನೇ ಸಭೆ

ಈ ಸಲ ನಾನು ಮೊದಲು ಮಾತಾಡಲಿಲ್ಲ. ಮಗಳೊಂದಿಗೆ ಮುಂಚೆಯೇ ಎಲ್ಲ ಮಾತಾಡಿಕೊಂಡಿದ್ದೆವು. ಯಾವುದನ್ನು ಸಭೆಯಲ್ಲಿ ತೋರಿಸಬಹುದು, ಯಾವುದು ಮನೆಯಲ್ಲೇ ಇರಬೇಕು ಅನ್ನುವುದನ್ನು ಅವರೇ ತೀರ್ಮಾನಿಸಿದರು. ಸಭೆಯಲ್ಲಿ ಅವರು ಲಾಗ್ ಬುಕ್ಕಿನ ಆ ಒಂದು ಪುಟವನ್ನು ಓದಿದರು, ಅಷ್ಟೇ. ದಿನಾಂಕ, ಕಾವಲು, ರಾತ್ರಿ, ನಿಲ್. ದಿನಾಂಕ, ಕಾವಲು, ನಿಲ್. ಮೊದಮೊದಲು ಹುಡುಗರು ಮೊಬೈಲ್ ನೋಡುತ್ತಿದ್ದರು. ಏಳೆಂಟು ಸಾಲು ಆಗುವ ಹೊತ್ತಿಗೆ ಯಾರೂ ನೋಡುತ್ತಿರಲಿಲ್ಲ. ತುಮಕೂರಿನವರು ಕೆರೆ ಏರಿಯ ಲೆಕ್ಕ ಹೇಳಿದರು. ಕೊನೆಗೆ ನಾನು ಎದ್ದು ಸಂಚಿಕೆ ತೆಗೆದು ನನ್ನ ಸಾಲನ್ನೂ ಅವರ ಪೆನ್ಸಿಲ್ ಸಾಲನ್ನೂ ಓದಿದೆ. ನನ್ನ ಜೀವನದ ಅತಿ ಚಿಕ್ಕ ಪಾಠ.

ಜಗಳ ಪೂರ್ತಿ ನಿಲ್ಲಲಿಲ್ಲ. ಒಬ್ಬ ಹಿರಿಯರು "ವೀರ ಚಕ್ರ ಅಂತಲೇ ಇರಲಿ, ಯಾರು ಬಂದು ನೋಡ್ತಾರೆ?" ಅಂದರು. ಅದಕ್ಕೆ ಉತ್ತರ ಕೊಟ್ಟದ್ದು ಹಿಂದೆ ನನ್ನ ಮೇಲೆ ರೇಗಿದ್ದ ಹುಡುಗನೇ. "ಅಜ್ಜ, ಅವರಿಗೆ ಬಂದಿರೋ ಪದಕ ಬಿಟ್ಟು ಬರದೇ ಇರೋದನ್ನ ಯಾಕೆ ಬರೀಬೇಕು?" ಹಿರಿಯರು ಸುಮ್ಮನಾದರು. ಆದರೆ ಇವತ್ತಿಗೂ ನನ್ನ ಜೊತೆ ಅಷ್ಟಾಗಿ ಮಾತಾಡಲ್ಲ.

ಹೊಸ ಬರಹವನ್ನು ಮಗಳು, ನಾನು, ಆ ಹುಡುಗ ಸೇರಿ ಬರೆದೆವು. ಹೆಸರಿನ ಕೆಳಗೆ ಏಳು ಸಾಲು:

ಭಾರತೀಯ ನೌಕಾಪಡೆಯ ಅಧಿಕಾರಿ
ನೌಸೇನಾ ಪದಕ
1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ
ಅಲಿಝೆ ವಿಮಾನದ ಅಬ್ಸರ್ವರ್ ಆಗಿ
ಹಗಲೂ ರಾತ್ರಿ ಹಾರಿದರು
ಹಡಗನ್ನು ಕಾದರು
ಈ ಶಾಲೆಯಲ್ಲಿ ಓದಿದವರು

ಇಂಥ ಕೆಲಸಕ್ಕೆ ಕೈಹಾಕುವವರು ನಮ್ಮ ಕ್ರಮವನ್ನು ತಿರುಗಾಮುರುಗಾ ಮಾಡಿದರೆ ಸಾಕು. ನಾವು ಕಲ್ಲು, ಸಭೆ, ಪಟ್ಟಿ, ಮನೆ ಅಂತ ಹೋದೆವು. ಮನೆಯಿಂದ ಶುರು ಮಾಡಬೇಕಿತ್ತು. ಪದಕದ ಆಕಾರ, ರಿಬ್ಬನ್ನಿನ ಬಣ್ಣ, ಯಾವ ಸ್ಟಾರ್ ಇದೆ, ಯಾವುದಿಲ್ಲ, ಇಷ್ಟನ್ನು ಗೊತ್ತಿದ್ದವರಿಗೆ ತೋರಿಸಿದರೆ ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ. ಗೆಜೆಟ್ ಪಟ್ಟಿ ಬೇಕು, ಆದರೆ ಅದು ಕೊನೆಗೆ ತಾಳೆ ನೋಡಲು. ಮೊದಲೇ ಅದನ್ನು ಹಿಡಿದು ಹೋದರೆ ಸತ್ತವರ ಮೇಲೆ ಪೊಲೀಸ್ ವಿಚಾರಣೆ ಮಾಡಿದ ಹಾಗಾಗುತ್ತೆ. ಇನ್ನೊಂದು ವಿಷಯ. ಊರಲ್ಲಿ ಓಡಾಡುವ ಕಥೆ ತಪ್ಪು ಅನಿಸಿದರೆ ಅದು ಎಲ್ಲಿಂದ ಹೊರಟಿತು ಅಂತಲೂ ಹುಡುಕಿ. ನಿಮ್ಮ ಕೈಬರಹವೇ ಸಿಗಬಹುದು.

ಉಳಿದದ್ದು ಕಲ್ಲಿನ ಸಮಸ್ಯೆ. ನಾವು ಸಭೆ ಮೇಲೆ ಸಭೆ ಮಾಡುವಷ್ಟರಲ್ಲಿ ಹಳೆಯ ಬರಹದ ಮುಕ್ಕಾಲು ಪಾಲು ಕೆತ್ತಿ ಮುಗಿದಿತ್ತು. ಹೊಸ ಕಲ್ಲಿಗೆ ದುಡ್ಡಿರಲಿಲ್ಲ. ಉಜ್ಜಿ ಅಳಿಸಿದರೆ ಕಲ್ಲು ತೆಳ್ಳಗಾಗುತ್ತೆ. ಕೆತ್ತುವವರೇ ದಾರಿ ತೋರಿಸಿದರು. "ಹಿಂದುಗಡೆ ಸಾಪಾಗಿದೆ ಸಾರ್. ತಿರುಗಿಸಿ ಪಾಲಿಶ್ ಹಾಕಿ ಆ ಕಡೆ ಹೊಡೀತೀನಿ."

ಹಾಗೇ ಆಯಿತು. ಕಲ್ಲು ಈಗ ಗೇಟಿನ ಎಡಕ್ಕೆ ಇದೆ. ಹಿಂದಿನ ಗೋಡೆಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಸಂದು. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗರು ಆ ಸಂದಿಗೆ ಮೊಬೈಲ್ ಟಾರ್ಚ್ ಬಿಟ್ಟು ಕೆನ್ನೆಯನ್ನು ಗೋಡೆಗೆ ಒತ್ತಿ ಓದಲು ನೋಡುತ್ತಾರೆ. 'ಘಾಜಿ' ಅನ್ನುವುದು ಕಾಣುತ್ತೆ, ಮುಂದಿನದು ಕಾಣಲ್ಲ. "ಘಾಜಿ ಏನಾಯ್ತು ಮೇಷ್ಟ್ರೇ?" ಅಂತ ಕೇಳುತ್ತಾರೆ. ಆಗ ಅಲ್ಲೇ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತೇನೆ.